ಕಪ್ಪು ಪ್ಲಗ್ಗು, ಪೆಟ್ರೋಲ್ ಸಾಲದ ಎಂಜಿನ್ನು: ಮೇಷ್ಟ್ರ ಬೈಕಿನ ಪ್ರಕರಣ

"ಬಸ್ಸು ದಾಟೋಣ ಅಂತ ರೇಸ್ ಕೊಟ್ಟೆ. ಬೈಕು ಒಂದು ಗಳಿಗೆ ಉಸಿರೇ ನಿಲ್ಲಿಸಿಬಿಡ್ತು ಮಾರಾಯ್ರೇ. ಎದುರಿಗೆ ಲಾರಿ."

ದೀಪಾವಳಿ ಕಳೆದು ಎರಡು ವಾರಕ್ಕೆ ಸಾಗರದ ನನ್ನ ಗ್ಯಾರೇಜಿಗೆ ಬಂದ ಮೇಷ್ಟ್ರು ಮೊದಲು ಹೇಳಿದ ಮಾತು ಇದು. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವವರು. ಶಾಲೆ ಮನೆಯಿಂದ ಇಪ್ಪತ್ತು ಕಿಲೋಮೀಟರ್. ಬೈಕು 150 ಸಿಸಿ, ನಾಲ್ಕು ಸ್ಟ್ರೋಕಿನದು, 2011ರ ಮಾಡೆಲ್, ಮೀಟರಿನಲ್ಲಿ 64,000 ಕಿ.ಮೀ. ದಾಟಿತ್ತು. ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವುದು ಡಯಾಫ್ರಂ (ತೆಳು ರಬ್ಬರ್ ಹಾಳೆ) ಇರುವ ವ್ಯಾಕ್ಯೂಮ್ ಕಾರ್ಬ್ಯುರೇಟರ್. ಜೂನ್ ಮಧ್ಯದಿಂದ ಅಕ್ಟೋಬರ್‌ವರೆಗೆ ಬೈಕನ್ನು ಮನೆಯ ಕೊಟ್ಟಿಗೆಯಲ್ಲಿ ನಿಲ್ಲಿಸಿ ಬಸ್ಸಿನಲ್ಲಿ ಓಡಾಡಿದ್ದರು. ನಮ್ಮ ಕಡೆ ಮಳೆಗಾಲದಲ್ಲಿ ಹೀಗೆ ಮಾಡುವವರು ಬಹಳ ಮಂದಿ.

ನನಗಿಂತ ಮುಂಚೆ ಇಬ್ಬರು ಕೈ ಹಾಕಿದ್ದರು. ಪ್ಲಗ್ ಹೊಸದು, ಏರ್ ಫಿಲ್ಟರ್ ಹೊಸದು, ಸ್ಪಾರ್ಕಿನ ಸಮಯ ನೋಡಿಕೊಳ್ಳುವ ಸಿಡಿಐ ಪೆಟ್ಟಿಗೆ ಹೊಸದು, ಕಾರ್ಬ್ಯುರೇಟರ್ ಎರಡು ಸಲ ಕ್ಲೀನ್. ಅಷ್ಟರಲ್ಲಿ ನಾಲ್ಕು ಸಾವಿರದ ಮೇಲೆ ಖರ್ಚಾಗಿತ್ತು. ಮೈಲೇಜ್ 46ರಿಂದ 38ಕ್ಕೆ ಇಳಿದಿತ್ತು. ತೊಂದರೆ ಮಾತ್ರ ಇದ್ದಲ್ಲೇ ಇತ್ತು.

ಮೇಷ್ಟ್ರ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ಹದಿಮೂರು ದಿನದ ಓಡಾಟವನ್ನು ಕಲಂ ಹಾಕಿ ಬರೆದಿಟ್ಟಿದ್ದರು: ದಿನಾಂಕ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟು, ಎಷ್ಟು ಸಲ ತಡೆದಿದೆ. ಇಪ್ಪತ್ತೇಳು ವರ್ಷದ ಕೆಲಸದಲ್ಲಿ ಇಂಥ ಗಿರಾಕಿ ನನಗೆ ಸಿಕ್ಕಿರಲಿಲ್ಲ. ಆ ಎರಡು ಪುಟ ನನ್ನ ಅರ್ಧ ದಿನದ ಕೆಲಸ ಉಳಿಸಿತು. ಎಂಜಿನ್ ತಣ್ಣಗಿದ್ದಾಗಲೂ ತಡೆ, ಬಿಸಿಯಾದಾಗಲೂ ತಡೆ, ಹಾಗಾದರೆ ಸ್ಪಾರ್ಕಿಗೆ ಕರೆಂಟು ಕೊಡುವ, ಬಿಸಿಗೆ ಕೈಕೊಡುವ ಕಾಯಿಲ್ ಮೇಲಿನ ಅನುಮಾನ ಹಿಂದಕ್ಕೆ. ಟ್ಯಾಂಕ್ ತುಂಬಿದಾಗಲೂ ಅಷ್ಟೇ, ರಿಸರ್ವ್‌ನಲ್ಲೂ ಅಷ್ಟೇ. ಹತ್ತಿಪ್ಪತ್ತು ನಿಮಿಷ ಓಡಿದ ಮೇಲೆ ಶುರುವಾಗುವಂಥದ್ದೂ ಅಲ್ಲ, ಹಾಗಾದರೆ ಟ್ಯಾಂಕ್ ಮುಚ್ಚಳದ ಗಾಳಿತೂತು ಕಟ್ಟಿಕೊಂಡು ಪೆಟ್ರೋಲ್ ಇಳಿಯುತ್ತಿಲ್ಲ ಅನ್ನುವ ಕಥೆಯೂ ಇಲ್ಲ.

ನಾನು ಕೇಳಿದ್ದು ಒಂದೇ ಪ್ರಶ್ನೆ. "ತಡೆಯುವಾಗ ನಿಮ್ಮ ಕೈ ಎಲ್ಲಿರ್ತದೆ?"

"ನಲವತ್ತರಲ್ಲಿ ಹೋಗ್ತಿರ್ತೇನೆ..."

"ಸ್ಪೀಡ್ ಅಲ್ಲ ಮೇಷ್ಟ್ರೇ. ಆಕ್ಸಿಲರೇಟರ್ ಎಷ್ಟು ತಿರುಗಿಸಿರ್ತೀರಿ?"

ಅದು ಅವರಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರುವುದಿಲ್ಲ. ಗಿರಾಕಿ ನೋಡುವುದು ಸ್ಪೀಡೋಮೀಟರನ್ನು, ಕಾರ್ಬ್ಯುರೇಟರಿಗೆ ಅದರ ಸಂಬಂಧವೇ ಇಲ್ಲ. ಅದು ಲೆಕ್ಕ ಹಿಡಿಯುವುದು ಆಕ್ಸಿಲರೇಟರ್ ತಿರುಗಿಸಿದಾಗ ತೆರೆಯುವ ಗಾಳಿಬಾಗಿಲು ಎಷ್ಟು ತೆರೆದಿದೆ, ಎಂಜಿನ್ ಎಷ್ಟು ಜೋರಾಗಿ ಎಳೆಯುತ್ತಿದೆ ಅನ್ನುವುದನ್ನು. ಇಳಿಜಾರಿನಲ್ಲಿ ನಲವತ್ತಕ್ಕೆ ಕೈ ಅಲ್ಲಾಡಿಸಬೇಕಾಗಿಲ್ಲ, ಘಾಟಿ ಏರುವಾಗ ಅದೇ ನಲವತ್ತಕ್ಕೆ ಮುಕ್ಕಾಲು ತಿರುಗಿಸಬೇಕು. ಈ ಪ್ರಶ್ನೆ ನನಗೆ ಕಲಿಸಿದವರು ನನ್ನ ಗುರುಗಳು, ಯೆಜ್ಡಿ ರಿಪೇರಿಯಲ್ಲೇ ಜೀವ ಸವೆಸಿದವರು. ಮೈಸೂರಿನ ಆ ಕಾರ್ಖಾನೆ 1996ರಲ್ಲೇ ನಿಂತಿದ್ದರೂ ನಾನು ಕೆಲಸಕ್ಕೆ ಸೇರಿದಾಗ ಬೈಕುಗಳು ಇನ್ನೂ ರಸ್ತೆಯಲ್ಲಿ ಧಾರಾಳವಾಗಿದ್ದವು. ಅವರು ಸ್ಪ್ಯಾನರ್ ಮುಟ್ಟುವ ಮೊದಲು ಗಿರಾಕಿಯ ಬಲಗೈ ನೋಡುತ್ತಿದ್ದರು.

ಹ್ಯಾಂಡಲ್ಲಿನ ಹಿಡಿ ಪಕ್ಕ ಬಿಳಿ ಟೇಪ್ ಸುತ್ತಿ ಪೆನ್ನಿನಲ್ಲಿ ಗೆರೆ ಎಳೆದೆ: ಅರೆಕಾಲು, ಕಾಲು, ಅರ್ಧ, ಮುಕ್ಕಾಲು, ಪೂರ್ತಿ. ಅರೆಕಾಲು ಅಂದರೆ ಪೂರ್ತಿ ತಿರುವಿನ ಎಂಟನೇ ಒಂದು ಪಾಲು. ಶಿವಮೊಗ್ಗ ರಸ್ತೆಯಲ್ಲಿ ಮೇಷ್ಟ್ರನ್ನು ಹಿಂದೆ ಕೂರಿಸಿಕೊಂಡು ಹೋದೆ. ಮೂರನೇ ಗೇರು, ಮೂವತ್ತರ ಓಟ, ಅಲ್ಲಿಂದ ಕೈಯನ್ನು ಅರ್ಧಕ್ಕೆ ತಟ್ಟನೆ ತಿರುಗಿಸಿದರೆ ಎಂಜಿನ್ ಮುಳುಗಿದ ಹಾಗಾಗಿ, ಸುಮಾರು ಒಂದು ಸೆಕೆಂಡಿನ ಮೇಲೆ ಜಗ್ಗಿ ಎದ್ದಿತು. ಹತ್ತು ಸಲ ಮಾಡಿದರೆ ಹತ್ತು ಸಲವೂ ಅದೇ. ಅರ್ಧದಿಂದ ಪೂರ್ತಿಗೆ ತಿರುಗಿಸಿದರೆ ಏನೂ ಇಲ್ಲ, ಚೆನ್ನಾಗಿ ಎಳೆಯಿತು. ತಟ್ಟನೆ ತಿರುಗಿಸದೆ ಮೆಲ್ಲಗೆ ಬಿಡಿಸಿದರೆ ತಡೆ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ, ಆದರೆ ಕೈಯನ್ನು ಅರೆಕಾಲು ಮತ್ತು ಕಾಲಿನ ನಡುವೆ ಸ್ಥಿರವಾಗಿ ಹಿಡಿದರೆ ಬೈಕು ಅಲೆ ಅಲೆಯಾಗಿ ಹೋಗುತ್ತಿತ್ತು, ಹಿಂದೆ ಯಾರೋ ಹಿಡಿದು ಬಿಟ್ಟು ಮಾಡಿದ ಹಾಗೆ.

"ಇದು ಚೈನ್ ಸಡಿಲ ಅಂದಿದ್ರಲ್ಲ," ಅಂದರು ಮೇಷ್ಟ್ರು. ಚೈನ್ ಸರಿಯಾಗಿಯೇ ಇತ್ತು.

ಕರೆಂಟಿನ ಮಿಸ್ಸಿಗೂ ಪೆಟ್ರೋಲಿನ ತಡೆಗೂ ಸೀಟಿನ ಮೇಲೆ ಕೂತರೆ ವ್ಯತ್ಯಾಸ ತಿಳಿಯುತ್ತದೆ. ಸ್ಪಾರ್ಕ್ ತಪ್ಪಿದರೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ, ಟಕ್ಕನೆ ಹೋಗಿ ಟಕ್ಕನೆ ಬರುತ್ತದೆ. ಪೆಟ್ರೋಲ್ ಸಾಲದಿದ್ದರೆ ಮೆತ್ತಗೆ ಕುಸಿದು ಮೆತ್ತಗೆ ಏಳುತ್ತದೆ. ಇಲ್ಲಿ ಆಗುತ್ತಿದ್ದದ್ದು ಎರಡನೆಯದು. ಈ ಒಂದು ಗಮನ ಮೊದಲೇ ಇದ್ದಿದ್ದರೆ ಮೇಷ್ಟ್ರು ಸಿಡಿಐ ಕೊಳ್ಳುವ ಅಗತ್ಯವೇ ಇರಲಿಲ್ಲ.

ಎರಡು ಸಾಕ್ಷಿ, ಎರಡು ಮಾತು

ವಾಪಸ್ ಬಂದು ಪ್ಲಗ್ ಬಿಚ್ಚಿದೆ. ಕಾಡಿಗೆಯಂಥ ಒಣ ಕಪ್ಪು ಮಸಿ. ಅಂದರೆ ರಿಚ್, ಪೆಟ್ರೋಲ್ ಜಾಸ್ತಿ. ಇಳಿದ ಮೈಲೇಜೂ ಅದನ್ನೇ ಹೇಳುತ್ತಿತ್ತು.

ಪ್ಲಗ್ ಒರೆಸಿ ಹಾಕಿ ಮತ್ತೆ ರಸ್ತೆಗೆ ಹೋದೆ. ಈ ಸಲ ಪೆಟ್ರೋಲ್ ಪಾಲು ಹೆಚ್ಚಿಸುವ ಚೋಕ್ ಅರ್ಧ ಎಳೆದುಕೊಂಡು ಅದೇ ಪರೀಕ್ಷೆ ಮಾಡಿದೆ. ಎಂಜಿನ್ ಬಿಸಿಯಾಗಿತ್ತು, ಪೆಟ್ರೋಲ್ ನಿಜವಾಗಿ ಜಾಸ್ತಿ ಇದ್ದಿದ್ದರೆ ಚೋಕ್ ಎಳೆದಾಗ ಇನ್ನೂ ಕೆಡಬೇಕಿತ್ತು. ತಡೆ ಅರ್ಧಕ್ಕರ್ಧ ಕಡಿಮೆಯಾಯಿತು. ಅಲೆ ಅಲೆಯಾದ ಓಟವಂತೂ ನಿಂತೇಹೋಯಿತು. ಅಂದರೆ ಲೀನ್, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ.

ಪ್ಲಗ್ ಒಂದು ಹೇಳುತ್ತದೆ, ಚೋಕ್ ಇನ್ನೊಂದು ಹೇಳುತ್ತದೆ. ಹಿಂದಿನ ಇಬ್ಬರೂ ಎಡವಿದ್ದು ಇಲ್ಲೇ, ಒಂದೊಂದು ಸಾಕ್ಷಿಯನ್ನು ಮಾತ್ರ ನಂಬಿ. ನಿಜ ಹೇಳಬೇಕೆಂದರೆ ಎರಡೂ ಸಾಕ್ಷಿ ಸುಳ್ಳಾಡುತ್ತಿರಲಿಲ್ಲ. ಒಂದೇ ಎಂಜಿನ್ ಒಂದು ಕಡೆ ರಿಚ್, ಇನ್ನೊಂದು ಕಡೆ ಲೀನ್ ಇರಬಹುದು. "ರಿಚ್ಚೋ ಲೀನೋ" ಅನ್ನುವ ಪ್ರಶ್ನೆಯೇ ಅರೆಬರೆ. ಆಕ್ಸಿಲರೇಟರ್ ಎಷ್ಟು ತೆರೆದಾಗ ಅನ್ನುವುದು ಸೇರಿದರೆ ಮಾತ್ರ ಅದಕ್ಕೆ ಅರ್ಥ.

ಕಾರ್ಬ್ಯುರೇಟರ್ ಅಂದರೆ ಒಂದೇ ನಲ್ಲಿ ಅಲ್ಲ. ಸ್ಲೋ ಸ್ಪೀಡಿಗೆ, ಅಂದರೆ ರೇಸ್ ಕೊಡದೆ ಎಂಜಿನ್ ಓಡುವಾಗ, ಪೆಟ್ರೋಲ್ ಕೊಡುವುದು ಪೈಲಟ್ ಜೆಟ್ ಅನ್ನುವ ಸಣ್ಣ ನಳಿಕೆ, ಅದು ಎಂಜಿನ್ ಕಡೆಯ ಒಂದು ಸಣ್ಣ ತೂತಿನಿಂದ ಬರುತ್ತದೆ. ಬಟರ್‌ಫ್ಲೈ ಅನ್ನುವ ಗಾಳಿಬಾಗಿಲು ಸ್ವಲ್ಪ ತೆರೆದ ಕೂಡಲೇ ಅದರ ಅಂಚಿನ ಬಳಿ ಸಾಲಾಗಿರುವ ಎರಡು ಮೂರು ಬೈಪಾಸ್ ತೂತುಗಳಿಗೆ ಎಳೆತ ಸಿಕ್ಕಿ, ಅದೇ ಪೈಲಟ್ ದಾರಿಯಿಂದ ಇನ್ನಷ್ಟು ಪೆಟ್ರೋಲ್ ಬರುತ್ತದೆ. ಅರೆಕಾಲಿನಿಂದ ಕಾಲಿನವರೆಗೆ ಹೊಣೆ ಹೆಚ್ಚಾಗಿ ಇವುಗಳದ್ದು. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್ ಅನ್ನುವ ಸೂಜಿ, ಅದರ ಮೇಲೆ ಮೇನ್ ಜೆಟ್. ವ್ಯಾಕ್ಯೂಮ್ ಕಾರ್ಬ್ಯುರೇಟರಿನಲ್ಲಿ ನಮ್ಮ ಕೈ ತಿರುಗಿಸುವುದು ಬಟರ್‌ಫ್ಲೈಯನ್ನು ಮಾತ್ರ. ನೀಡಲ್ ಇರುವ ಸ್ಲೈಡನ್ನು ಎತ್ತುವುದು ಎಂಜಿನ್ನಿನ ಎಳೆತ, ಡಯಾಫ್ರಂ ಮೂಲಕ. ಹಾಗಾಗಿ ಕೈ ಎಷ್ಟೇ ಅವಸರ ಮಾಡಿದರೂ ಸ್ಲೈಡು ತನ್ನ ಸಮಯಕ್ಕೇ ಏಳುತ್ತದೆ. ತಟ್ಟನೆ ರೇಸ್ ಕೊಟ್ಟರೂ ತಡೆಯಬಾರದು ಅಂತಲೇ ಈ ಏರ್ಪಾಡು ಮಾಡಿದ್ದು. ಅಂಥದ್ದು ತಡೆಯುತ್ತಿದೆ ಅಂದರೆ, ಸ್ಲೈಡು ಏಳುವ ತನಕ ಎಂಜಿನ್ನಿಗೆ ಬೇಕಾದ ಪೆಟ್ರೋಲ್ ಕೊಡುವವರು ಯಾರೋ ಕೆಲಸ ಬಿಟ್ಟಿದ್ದಾರೆ.

ಅಷ್ಟು ಗೊತ್ತಿದ್ದೂ ನಾನೊಂದು ತಪ್ಪು ಮಾಡಿದೆ. ಕಾರ್ಬ್ಯುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರಿನ ಮೇಲೆ ಕೂದಲೆಳೆಯಂಥ ಬಿರುಕುಗಳಿದ್ದವು. ಅಲ್ಲಿಂದ ಗಾಳಿ ಒಳಗೆ ಹೋದರೂ ಲೀನ್ ಆಗುತ್ತದೆ, ತಡೆಯೂ ಆಗುತ್ತದೆ. ಸ್ಲೋದಲ್ಲಿ ಎಂಜಿನ್ ಓಡುತ್ತಿರುವಾಗ ಅಲ್ಲಿಗೆ ನೀರು ಸಿಂಪಡಿಸಿ ನೋಡಿದೆ. ಬಿರುಕು ಒಳಗಿನವರೆಗೂ ಇದ್ದರೆ ನೀರು ಅದನ್ನು ಮುಚ್ಚುವ ಆ ಕ್ಷಣ ಎಂಜಿನ್ ಶಬ್ದ ಬದಲಾಗಬೇಕು. ತಣ್ಣಗಿದ್ದಾಗ, ಬಿಸಿಯಾದಾಗ, ಎರಡು ಸಲ ನೋಡಿದೆ. ಬದಲಾಗಲಿಲ್ಲ. ಆದರೂ ಕಣ್ಣಿಗೆ ಕಂಡ ಬಿರುಕು ಮನಸ್ಸಿನಿಂದ ಹೋಗಲಿಲ್ಲ. ಶಿವಮೊಗ್ಗದಿಂದ ಹೊಸ ರಬ್ಬರ್ ತರಿಸಿದೆ, ಎರಡು ದಿನ ಹೋಯಿತು. ಹಾಕಿ ಓಡಿಸಿದರೆ ಅದೇ ಗೆರೆಯಲ್ಲಿ ಅದೇ ತಡೆ. ಪರೀಕ್ಷೆ ಕೊಟ್ಟ ಉತ್ತರವನ್ನು ಬದಿಗಿಟ್ಟು ಕಣ್ಣನ್ನು ನಂಬಿದ್ದಕ್ಕೆ ಮೇಷ್ಟ್ರು ಎರಡು ದಿನ ಬಸ್ಸು ಕಾಯಬೇಕಾಯಿತು. ಆ ರಬ್ಬರಿನ ದುಡ್ಡು ನಾನು ತೆಗೆದುಕೊಳ್ಳಲಿಲ್ಲ.

ಬೌಲಿನ ಕೆಳಗೆ

ಆಮೇಲೆ ಕ್ರಮವಾಗಿ ಹೋದೆ. ಮೊದಲು ಕಾರ್ಬ್ಯುರೇಟರಿನ ತಳದ ಪೆಟ್ರೋಲ್ ಬಟ್ಟಲು, ಅಂದರೆ ಬೌಲಿನ ಡ್ರೈನ್ ಸ್ಕ್ರೂ ಸಡಿಲಿಸಿ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿದೆ. ತಳದಲ್ಲಿ ನೀರಿನ ಮಣಿಗಳು, ಜೊತೆಗೆ ಬಿಳಿ ಪುಡಿ. ಕಾರ್ಬ್ಯುರೇಟರಿನ ಲೋಹದಲ್ಲಿ ಸತುವಿನ ಪಾಲು ಹೆಚ್ಚು, ನೀರು ಕೂತರೆ ಹೀಗೆ ಬಿಳಿಯಾಗಿ ಬೂಷ್ಟು ಹಿಡಿದಂತೆ ಆಗುತ್ತದೆ. ಟ್ಯಾಂಕು ಮತ್ತು ಅದರ ಕೆಳಗಿನ ನಲ್ಲಿ, ಅಂದರೆ ಕಾಕಿನ ಜಾಲರಿ ಬಿಚ್ಚಿ ತೊಳೆದೆ, ತುಕ್ಕು ಇರಲಿಲ್ಲ. ಡ್ರೈನ್ ನಳಿಕೆಗೆ ಪಾರದರ್ಶಕ ಪೈಪ್ ಸಿಕ್ಕಿಸಿ ಮೇಲಕ್ಕೆ ಹಿಡಿದರೆ ಒಳಗಿನ ಪೆಟ್ರೋಲ್ ಮಟ್ಟ ಹೊರಗೇ ಕಾಣುತ್ತದೆ. ಅದು ಇರಬೇಕಾದಲ್ಲೇ ಇತ್ತು, ಮಟ್ಟ ಕಾಯುವ ಫ್ಲೋಟಿನ ತಪ್ಪಿಲ್ಲ.

ಕಾರ್ಬ್ಯುರೇಟರ್ ಕೆಳಗಿಳಿಸಿ ಮೇಲಿನ ಮುಚ್ಚಳ ತೆಗೆದೆ. ಡಯಾಫ್ರಮ್ಮನ್ನು ಬೆಳಕಿಗೆ ಹಿಡಿದು ಸುತ್ತಲೂ ಮೆಲ್ಲಗೆ ಹಿಗ್ಗಿಸಿ ನೋಡಿದೆ, ಸೂಜಿಮೊನೆಯಷ್ಟೂ ತೂತಿಲ್ಲ. ಸ್ಲೈಡು ಸಲೀಸಾಗಿ ಜಾರುತ್ತಿತ್ತು. ಆದರೆ ನೀಡಲ್ ಹೊರತೆಗೆದಾಗ ಅದರ ತಲೆಯ ಕೆಳಗೆ ಒಂದು ತೆಳು ವಾಷರ್ ಸಿಕ್ಕಿತು. ಇದು ಕಂಪನಿ ಹಾಕಿದ್ದಲ್ಲ. ಮೊದಲು ಕೈ ಹಾಕಿದವರು, ತಡೆಯುತ್ತಿದೆಯಲ್ಲ, ಪೆಟ್ರೋಲ್ ಸಾಲುತ್ತಿಲ್ಲ ಅಂತ ನೀಡಲ್ ಎತ್ತರಿಸಿದ್ದಾರೆ. ಅವರ ಊಹೆ ಅರ್ಧ ಸರಿ. ಆದರೆ ನೀಡಲ್ ಎತ್ತರಿಸಿದರೆ ಹೆಚ್ಚಾಗುವುದು ಕಾಲಿನಿಂದ ಮುಕ್ಕಾಲಿನವರೆಗಿನ ಪೆಟ್ರೋಲ್. ಅಲ್ಲಿ ಕೊರತೆಯೇ ಇರಲಿಲ್ಲ. ಹಾಗಾಗಿ ದಿನವೂ ನಲವತ್ತು ಕಿಲೋಮೀಟರ್ ರಿಚ್ ಆಗಿ ಓಡಿ ಪ್ಲಗ್ ಕಪ್ಪಾಯಿತು, ಮೈಲೇಜ್ ಇಳಿಯಿತು. ಕಪ್ಪು ಪ್ಲಗ್ಗಿನ ಒಗಟು ಇಲ್ಲಿಗೆ ಬಿಡಿಸಿಕೊಂಡಿತು.

ಎರಡನೆಯವರು ಮಾಡಿದ್ದು ಮಿಕ್ಸ್ಚರ್ ಸ್ಕ್ರೂ ಬಳಿ ಕಾಣಿಸಿತು. ಎಷ್ಟು ಸುತ್ತು ಹೊರಗಿದೆ ಅಂತ ಎಣಿಸುತ್ತಾ ಒಳಗೆ ತಿರುಗಿಸಿದೆ. ನಾಲ್ಕೂಕಾಲು ಸುತ್ತು! ನಾವೆಲ್ಲ ಬಾಯಿಮಾತಿಗೆ ಇದನ್ನು ಏರ್ ಸ್ಕ್ರೂ ಅನ್ನುತ್ತೇವೆ. ಹಳೆಯ ಸ್ಲೈಡ್ ಕಾರ್ಬ್ಯುರೇಟರುಗಳಲ್ಲಿ ಸ್ಕ್ರೂ ಏರ್ ಫಿಲ್ಟರಿನ ಬದಿಗಿದ್ದರೆ ಅದು ನಿಜವಾಗಿಯೂ ಗಾಳಿಯದ್ದೇ, ಬಿಚ್ಚಿದಷ್ಟೂ ಲೀನ್. ಎಂಜಿನ್ ಬದಿಗಿದ್ದರೆ ಅದು ಪೆಟ್ರೋಲ್ ಬೆರೆತ ಗಾಳಿಯನ್ನು ಬಿಡುವ ಸ್ಕ್ರೂ, ಬಿಚ್ಚಿದಷ್ಟೂ ರಿಚ್. ಕಪ್ಪು ಪ್ಲಗ್ ನೋಡಿ ಲೀನ್ ಮಾಡೋಣ ಅಂತ ಬಿಚ್ಚಿದವರು ತಿಳಿಯದೆ ಸ್ಲೋ ಸ್ಪೀಡನ್ನು ಇನ್ನೂ ರಿಚ್ ಮಾಡಿದ್ದರು. ಹೆಸರೊಂದು ದಾರಿ ತಪ್ಪಿಸಿತು. ನಮ್ಮ ಕಸುಬಿನಲ್ಲಿ ಹುಡುಗರಿಗೆ ಇದನ್ನು ಮೊದಲ ದಿನವೇ ಹೇಳಿಕೊಡಬೇಕು ಅಂತ ನನಗೆ ಬಹಳ ಅನ್ನಿಸುತ್ತದೆ.

ಈ ಜಾಸ್ತಿ ಬಿಚ್ಚಿದ ಸ್ಕ್ರೂ ಇನ್ನೊಂದು ಕೆಲಸವನ್ನೂ ಮಾಡಿತ್ತು. ಸ್ಲೋ ಸ್ಪೀಡು ಗಟ್ಟಿಯಾಗಿ ನಿಲ್ಲುತ್ತಿದ್ದರಿಂದ "ಪೈಲಟ್ ದಾರಿ ಸರಿಯಾಗಿದೆ" ಅಂತ ಎಲ್ಲರೂ ನಂಬುವ ಹಾಗಾಗಿತ್ತು.

ಪೈಲಟ್ ಜೆಟ್ ಬಿಚ್ಚಿ ಬೆಳಕಿಗೆ ಹಿಡಿದೆ, ಸ್ವಚ್ಛ. ಎರಡು ಸಲ ಕ್ಲೀನ್ ಮಾಡಿದ್ದು ಸುಳ್ಳಲ್ಲ. ಆದರೆ ಜೆಟ್ ಸ್ವಚ್ಛವಿದ್ದ ಮಾತ್ರಕ್ಕೆ ಅದರಾಚೆಯ ದಾರಿ ತೆರೆದಿದೆ ಅಂತ ಹೇಳಲಾಗದು. ಡಯಾಫ್ರಂ, ಓ ರಿಂಗ್, ರಬ್ಬರ್ ಎಲ್ಲ ತೆಗೆದಿಟ್ಟು (ಕಾರ್ಬ್ ಕ್ಲೀನರ್ ತಾಗಿದರೆ ಡಯಾಫ್ರಂ ಉಬ್ಬಿ ಹಾಳಾಗುತ್ತದೆ, ಇದನ್ನು ಮರೆಯಬಾರದು) ಬಟರ್‌ಫ್ಲೈಯನ್ನು ಸ್ವಲ್ಪ ತೆರೆದು ಹಿಡಿದೆ. ಮಿಕ್ಸ್ಚರ್ ಸ್ಕ್ರೂ ತನ್ನ ಜಾಗದಲ್ಲೇ ಇತ್ತು. ಫಿಲ್ಟರ್ ಬದಿಯ ಗಾಳಿತೂತನ್ನು ಬೆರಳಲ್ಲಿ ಮುಚ್ಚಿ, ಪೈಲಟ್ ಜೆಟ್ಟಿನ ಬಾಯಿಗೆ ಸ್ಪ್ರೇ ಕೊಳವೆ ಒತ್ತಿ ಬಿಟ್ಟೆ. ಎಂಜಿನ್ ಬದಿಯ ತೂತಿನಿಂದ ಚಿಮ್ಮಿತು. ಬೈಪಾಸಿನ ಮೂರು ತೂತುಗಳಲ್ಲಿ ಒಂದರಿಂದ ಬೆವರಿನಷ್ಟು ಒಸರಿತು. ಉಳಿದೆರಡು ಒಣಗಿದ್ದವು.

ಮೇಷ್ಟ್ರು ಆಗ ಪಕ್ಕದಲ್ಲೇ ಇದ್ದರು. ಟಾರ್ಚ್ ಹಿಡಿದು ತೋರಿಸಿದೆ. ತುಂಬ ಹೊತ್ತು ನೋಡಿದರು. "ಇಷ್ಟು ಸಣ್ಣದ್ದಾ?" ಅಂದರು.

ನಾಲ್ಕು ತಿಂಗಳು ನಿಂತ ಬೌಲಿನಲ್ಲಿ ಪೆಟ್ರೋಲಿನ ಹಗುರ ಅಂಶ ಆವಿಯಾಗಿ ಹೋಗಿ, ಉಳಿದದ್ದು ಅಂಟಾಗಿ ಗಟ್ಟಿಯಾಗುತ್ತದೆ. ಮಲೆನಾಡಿನ ಮಳೆಗಾಲದ ತೇವ ಬೇರೆ. ದೊಡ್ಡ ದಾರಿಗಳು ಹೊಸ ಪೆಟ್ರೋಲ್ ಹರಿದಾಗ ತಾವೇ ತೆರೆದುಕೊಳ್ಳಬಹುದು, ಒಂದು ಮಿಲಿಮೀಟರಿಗಿಂತ ಕಿರಿದಾದ ಬೈಪಾಸ್ ತೂತು ತೆರೆದುಕೊಳ್ಳುವುದಿಲ್ಲ. ಮಿಕ್ಸ್ಚರ್ ಸ್ಕ್ರೂ ಪೂರ್ತಿ ಹೊರತೆಗೆಯದೆ ಗಾಳಿ ಹೊಡೆದರೆ ಗಾಳಿ ಸುಲಭದ ದಾರಿ ಹಿಡಿದು ಹೋಗುತ್ತದೆ, ಕಟ್ಟಿಕೊಂಡಿದ್ದು ಕಟ್ಟಿಕೊಂಡೇ ಇರುತ್ತದೆ. ಎರಡು ಸಲದ ಕ್ಲೀನಿಂಗಿನಲ್ಲೂ ಆಗಿದ್ದು ಇದೇ ಇರಬೇಕು.

ಈಗ ಸ್ಕ್ರೂ ಪೂರ್ತಿ ಹೊರತೆಗೆದೆ. ಅದರ ಸ್ಪ್ರಿಂಗ್, ಪುಟ್ಟ ವಾಷರ್, ಓ ರಿಂಗ್ ಒಂದೊಂದಾಗಿ ಬಂದವು, ಓ ರಿಂಗ್ ಚಪ್ಪಟೆಯಾಗಿತ್ತು. ಕ್ಲಚ್ ವೈರಿನ ಎಳೆ ಹಾಕಿ ತೂತು ಚುಚ್ಚುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಉಕ್ಕಿನ ಎಳೆ ಮೆತ್ತನೆ ಲೋಹವನ್ನು ಕೊರೆದು ತೂತು ದೊಡ್ಡದಾದರೆ ಆ ಕಾರ್ಬ್ಯುರೇಟರ್ ಮತ್ತೆ ಸರಿಯಾಗುವುದಿಲ್ಲ. ನಾನು ಬಳಸುವುದು ಮೀನಿನ ಗಾಳದ ತಂಗೂಸಿ. ಕ್ಲೀನರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ತಂಗೂಸಿ ಆಡಿಸಿ, ಗಾಳಿ ಹೊಡೆದೆ. ಒಂದು ತೂತು ತೆರೆಯಿತು. ಮತ್ತೆ ನೆನೆ, ಮತ್ತೆ ಆಡಿಸು. ಮೂರನೇ ಸುತ್ತಿಗೆ ಮೂರೂ ತೂತುಗಳಿಂದ ಒಂದೇ ಸಮ ಚಿಮ್ಮಿತು.

ಒಂದೊಂದಾಗಿ

ಹೊಸ ಓ ರಿಂಗ್ ಹಾಕಿ, ಸ್ಕ್ರೂ ಎರಡು ಸುತ್ತಿಗೆ ಇಟ್ಟು ಜೋಡಿಸಿದೆ. ನೀಡಲ್ ಕೆಳಗಿನ ವಾಷರನ್ನು ಬೇಕೆಂದೇ ಅಲ್ಲೇ ಬಿಟ್ಟೆ. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ತಡೆ ಹೋದದ್ದು ಯಾವುದರಿಂದ ಅಂತ ನನಗೆ ತಿಳಿಯುವುದಿಲ್ಲ.

ಅದೇ ರಸ್ತೆ, ಅದೇ ಟೇಪು, ಮೂರನೇ ಗೇರು, ಮೂವತ್ತರಿಂದ ತಟ್ಟನೆ ಅರ್ಧಕ್ಕೆ. ಬೈಕು ಕೈ ಜೊತೆಗೇ ಎದ್ದಿತು. ಹತ್ತು ಸಲ ಮಾಡಿದೆ, ಹತ್ತು ಸಲವೂ ತಡೆಯಿಲ್ಲ. ಅರೆಕಾಲಿನಲ್ಲಿ ಅಲೆ ಇಲ್ಲ. ಆದರೆ ಪ್ಲಗ್ ಇನ್ನೂ ಕಪ್ಪು. ಆಮೇಲೆ ವಾಷರ್ ತೆಗೆದೆ. ಎರಡು ದಿನ ಓಡಿದ ಮೇಲೆ ಪ್ಲಗ್ ತಿಳಿಗಂದಿಗೆ ತಿರುಗಿತ್ತು. ಟ್ಯಾಂಕ್ ತುಂಬಿಸಿ ಓಡಿಸಿ ಮತ್ತೆ ತುಂಬಿಸಿ ಮೇಷ್ಟ್ರು ಲೆಕ್ಕ ಹಾಕಿದರೆ ಲೀಟರಿಗೆ 45.

"ಎಥನಾಲ್ ಪೆಟ್ರೋಲ್‌ದ್ದೇ ತಪ್ಪು ಅಂತ ಎಲ್ರೂ ಅಂದ್ರು," ಅಂದರು. ಇದಕ್ಕೆ ಉತ್ತರ ಒಂದೇ ಮಾತಿನಲ್ಲಿ ಆಗುವಂಥದ್ದಲ್ಲ. ಶೇಕಡಾ 20 ಎಥನಾಲ್ ಬೆರೆತ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು, ಈಗ ಬಂಕಿನಲ್ಲಿ ಸಿಗುವುದು ಅದೇ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು. ಹಾಗಾಗಿ ಹಳೆಯ ಪೆಟ್ರೋಲಿಗೆ ಅಳತೆ ಮಾಡಿದ ಜೆಟ್ಟಿನಲ್ಲಿ ಇ20 ಹರಿದರೆ ಎಂಜಿನ್ ಎಲ್ಲಾ ಕಡೆ ಸ್ವಲ್ಪ ಲೀನ್ ಆಗುತ್ತದೆ. ಸೆನ್ಸರ್ ಇರುವ ಇಂಜೆಕ್ಷನ್ ಬೈಕು ಅದನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಕಾರ್ಬ್ಯುರೇಟರಿಗೆ ಅದು ಗೊತ್ತೇ ಆಗುವುದಿಲ್ಲ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ, ಬಾಟಲಿಯ ತಳದಲ್ಲಿ ಕಂಡ ಮಣಿಗಳಲ್ಲಿ ಅದರ ಪಾಲೂ ಇರಬಹುದು. ಆದರೆ ಪೆಟ್ರೋಲಿನ ಗುಣದಿಂದಲೇ ಆದ ತೊಂದರೆ ಎಲ್ಲಾ ಕಡೆ ಒಂದೇ ಸಮ ಕಾಣಬೇಕು. ಅರ್ಧದ ಮೇಲೆ ಚೆನ್ನಾಗಿ ಎಳೆದು, ಅರೆಕಾಲಿಗೂ ಕಾಲಿಗೂ ನಡುವೆ ಮಾತ್ರ ಕುಸಿಯುವ ಎಂಜಿನ್ನಿಗೆ ಅದನ್ನು ಕಾರಣ ಅನ್ನಲಾಗದು. ಮೇಷ್ಟ್ರಿಗೆ ಅರೆಕಾಲು, ಕಾಲಿನ ಗೆರೆ ತೋರಿಸಿ ಇಷ್ಟು ಹೇಳಿದೆ, ಒಪ್ಪಿದರು.

ಒಂದು ಕೊರತೆ ಉಳಿಯಿತು. ಬೆಳಗಿನ ಚಳಿಯಲ್ಲಿ ಮೊದಲ ಎರಡು ನಿಮಿಷ ಸ್ವಲ್ಪ ಎಳೆದಾಡುತ್ತದೆ ಅಂತ ವಾರದ ಮೇಲೆ ಬಂದರು. ಸ್ಕ್ರೂ ಇನ್ನೊಂದು ಕಾಲು ಸುತ್ತು ಬಿಚ್ಚಿದೆ, ಇ20ಗೆ ಅಷ್ಟು ಬೇಕಾಗಿತ್ತು ಅನ್ನಿಸುತ್ತದೆ. ಒಂದು ನಿಮಿಷ ಚೋಕಿನಲ್ಲೇ ಬಿಟ್ಟು ಹೊರಡಿ ಅಂದೆ.

ಬಿಲ್ಲು ಕೂಲಿ ಸೇರಿ 1,150 ರೂಪಾಯಿ. ಬಿಚ್ಚಿಟ್ಟಿದ್ದ ಹಳೆಯ ಸಿಡಿಐಯನ್ನು ಹಾಕಿ ನೋಡಿದೆ, ಚೆನ್ನಾಗಿಯೇ ಇತ್ತು. ಕಾಗದದಲ್ಲಿ ಸುತ್ತಿ ಕೊಟ್ಟೆ.

ಈ ವರ್ಷ ಜೂನ್ ಮೊದಲ ವಾರ, ಮಳೆ ಹಿಡಿಯುವ ಮುಂಚೆ, ಬೈಕು ನಿಲ್ಲಿಸುವ ಮೊದಲು ಬೌಲ್ ಖಾಲಿ ಮಾಡಿಸಲು ಬಂದರು. ಕಾಕ್ ಮುಚ್ಚಿ, ಡ್ರೈನ್ ಸ್ಕ್ರೂ ಬಿಚ್ಚಿ ಅದೇ ಬಾಟಲಿಗೆ ಇಳಿಸಿದೆವು. ತಳ ತಿಳಿಯಾಗಿತ್ತು. ನೋಟ್‌ಬುಕ್ ಜೊತೆಗೇ ಇತ್ತು. ಕಲಂಗಳೆಲ್ಲ ಹಾಗೇ ಮುಂದುವರಿದಿದ್ದವು, ತಡೆಯ ಕಲಮಿನಲ್ಲಿ ಮಾತ್ರ ನವೆಂಬರಿನ ಆಚೆ ಏನೂ ಬರೆದಿರಲಿಲ್ಲ.